ನಾಲ್ಕನೆಯವನ ಪಾಲು

ಫೋನಿನಲ್ಲಿ ಆಡುವ ಆಟದ ಬಗ್ಗೆ ಕಾಲೇಜಿನ ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಮೊದಲು ನಕ್ಕವರು ನಮ್ಮ ಅಮ್ಮಿ. "ಪರೀಕ್ಷೆಯಲ್ಲಿ ಅದನ್ನೇ ಕೇಳ್ತಾರಾ?" ಎಂದರು. ಕೇಳುವುದಿಲ್ಲ. ಆದರೆ ಅಕೌಂಟೆನ್ಸಿಯ ಒಂದು ಅಧ್ಯಾಯ, ಬೇಸಿಕ್ ಮ್ಯಾಥ್ಸ್‌ನ ಒಂದು ಅಧ್ಯಾಯ ಮತ್ತು ಅರ್ಥಶಾಸ್ತ್ರದ ಒಂದು ಪದ ನನ್ನ ತಲೆಗೆ ಸರಿಯಾಗಿ ಇಳಿದದ್ದು ಈ ಆಟದಿಂದಲೇ. ಆದ್ದರಿಂದ ಇದನ್ನು ಪಾಠ ಎಂದೇ ತಿಳಿದು ಓದಿ.

ಆಟದ ಪರಿಚಯ

ಆಟದ ಹೆಸರು ಫೈನಲ್ ಫ್ಯಾಂಟಸಿ. ಜಪಾನಿನ ಸ್ಕ್ವೇರ್ ಕಂಪನಿ ಇದನ್ನು 1987ರ ಡಿಸೆಂಬರ್‌ನಲ್ಲಿ ಹೊರತಂದಿತು. ರೂಪಿಸಿದವರು ಹಿರೋನೊಬು ಸಕಾಗುಚಿ. ಪ್ರೋಗ್ರಾಂ ಬರೆದವರು ನಾಸಿರ್ ಗೆಬೆಲ್ಲಿ. ಅವರು ಇರಾನಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಆಪಲ್ ಕಂಪ್ಯೂಟರಿಗೆ ಆಟಗಳನ್ನು ಬರೆದು ಹೆಸರು ಮಾಡಿ, ಆಮೇಲೆ ಜಪಾನಿನ ಕಂಪನಿಗೆ ಕೆಲಸ ಮಾಡಿದವರು. ಈ ಸರಣಿಯ ಮೊದಲ ಮೂರೂ ಆಟಗಳ ಪ್ರೋಗ್ರಾಂ ಅವರದೇ. ಬೆಂಗಳೂರಿನಲ್ಲಿರುವ ನಮ್ಮ ಮಾಮನ ಮಗ ತನ್ನ ಹಳೆಯ ಫೋನ್ ಕೊಟ್ಟಾಗ ಈ ಆಟ ಅದರಲ್ಲಿತ್ತು. ಮುಂದೆ ಹೇಳುವ ನಿಯಮಗಳು 1987ರ ಮೂಲ ಆಟದವು. ಈಗ ಫೋನಿನಲ್ಲಿ ಸಿಗುವ ಆಟದಲ್ಲಿ ಕೆಲವು ಸಡಿಲವಾಗಿವೆ.

ಅದಕ್ಕೂ ಒಂದು ವರ್ಷ ಮೊದಲು ಬಂದ ಡ್ರ್ಯಾಗನ್ ಕ್ವೆಸ್ಟ್ ಆಟದಲ್ಲಿ ನಾಯಕ ಒಬ್ಬನೇ. ನಮ್ಮ ತಾಲ್ಲೂಕಿನ ಶ್ರವಣಬೆಳಗೊಳದ ಬಾಹುಬಲಿಯ ಕಥೆಯಲ್ಲೂ ಹಾಗೆಯೇ. ಸೈನ್ಯಗಳನ್ನು ಪಕ್ಕಕ್ಕೆ ನಿಲ್ಲಿಸಿ ಅಣ್ಣ ತಮ್ಮ ಇಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಫೈನಲ್ ಫ್ಯಾಂಟಸಿಯಲ್ಲಿ ಆ ದಾರಿ ಇಲ್ಲ. ಇಲ್ಲಿ ಹೊರಡುವವರು ನಾಲ್ವರು. ಬೇರೆ ಬೇರೆ ಕಸುಬಿನವರು ಸೇರಿ ಒಂದು ತಂಡವಾಗುವ ಈ ಬಗೆಯ ಆಟಕ್ಕೆ ದಾರಿ ಹಾಕಿದ್ದು 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುತ್ತಿದ್ದರು.

ನನಗೆ ಮಾತ್ರ ತಂಡ ಅಂದರೆ ನೆನಪಾಗುವುದು ದಾದಿ ಹೇಳುತ್ತಿದ್ದ ಅಮೀರ್ ಹಂಜಾನ ದಾಸ್ತಾನ್. ಹಂಜಾ ಮಹಾವೀರ, ಮುಕ್ಬಿಲ್ ಬಿಲ್ಲುಗಾರ, ಅಮರ್ ಅಯ್ಯಾರ್ ವೇಷ ಬದಲಿಸುವ ಚಾಲಾಕಿ. ಅಮರನ ಹತ್ತಿರ ಜಂಬೀಲ್ ಎಂಬ ಚೀಲ ಇರುತ್ತದೆ. ಅದರೊಳಗೆ ಏನು ಬೇಕಾದರೂ ಹಿಡಿಸುತ್ತದೆ. ಅಕ್ಬರ್ ಬಾದಶಹ ಈ ಕಥೆಗೆ ಸುಮಾರು 1400 ಚಿತ್ರಗಳನ್ನು ಬರೆಸಿದ್ದ. ಹಂಜಾನ ಬಲ ಎಲ್ಲಿ ನಡೆಯುವುದಿಲ್ಲವೋ ಅಲ್ಲಿ ಅಮರ್ ಬರುತ್ತಾನೆ. ತಂಡ ಕಟ್ಟುವ ಮೊದಲ ಪಾಠ ಇದೇ: ಇರುವ ಬಲವನ್ನೇ ಇನ್ನಷ್ಟು ಕೂಡಿಸುವುದಕ್ಕಿಂತ, ಇಲ್ಲದ್ದನ್ನು ತುಂಬಿಸಿಕೊಳ್ಳಬೇಕು.

ಆರು ಕಸುಬು, 126 ತಂಡ

ಆಟ ಶುರುವಾಗುವ ಮೊದಲೇ ನಾಲ್ವರನ್ನು ಆರಿಸಬೇಕು. ಆಮೇಲೆ ಬದಲಾಯಿಸುವಂತಿಲ್ಲ. ಕಸುಬುಗಳು ಆರು:

ಯೋಧ: ಗಟ್ಟಿ ಕವಚ, ಒಳ್ಳೆಯ ಕತ್ತಿ. ಖರ್ಚು ಹೆಚ್ಚು, ಆದರೆ ಏಟು ತಡೆಯುತ್ತಾನೆ.

ಕಳ್ಳ: ಹೆಸರು ಕಳ್ಳ, ಆದರೆ ಈ ಆಟದಲ್ಲಿ ಕದಿಯುವ ವಿದ್ಯೆಯೇ ಅವನಿಗಿಲ್ಲ. ಮೊದಲು ಸಾಧಾರಣ, ಕೊನೆಯಲ್ಲಿ ಚುರುಕು.

ಮುಷ್ಟಿಯೋಧ: ಶುರುವಿನಲ್ಲಿ ಕೈಗೊಂದು ಆಯುಧ ಬೇಕು. ಹಂತ ಏರಿದ ಮೇಲೆ ಬರಿಗೈಯೇ ಆಯುಧಕ್ಕಿಂತ ಮೇಲು. ತಾಳ್ಮೆಯಿಂದ ಕಾಯುವವರಿಗೆ ಒಳ್ಳೆಯ ಹೂಡಿಕೆ.

ಬಿಳಿ ಮಾಂತ್ರಿಕ: ಗಾಯ ವಾಸಿ ಮಾಡುತ್ತಾನೆ.

ಕಪ್ಪು ಮಾಂತ್ರಿಕ: ಬೆಂಕಿ, ಸಿಡಿಲು, ನಿದ್ರೆ. ಗುಂಪಾಗಿ ಬರುವ ಶತ್ರುಗಳಿಗೆ ಇವನೇ ಮದ್ದು. ಮೈ ಮಾತ್ರ ತೀರ ಮೆತ್ತಗೆ.

ಕೆಂಪು ಮಾಂತ್ರಿಕ: ಕತ್ತಿ, ಬಿಳಿ, ಕಪ್ಪು ಮೂರೂ ಸ್ವಲ್ಪ ಸ್ವಲ್ಪ ಬಲ್ಲವನು. ದೊಡ್ಡ ವಿದ್ಯೆ ಯಾವುದೂ ದಕ್ಕುವುದಿಲ್ಲ.

ಒಂದೇ ಕಸುಬಿನವರನ್ನು ಎಷ್ಟು ಜನ ಬೇಕಾದರೂ ತೆಗೆದುಕೊಳ್ಳಬಹುದು. ಹಾಗಾದರೆ ಎಷ್ಟು ತಂಡ ಸಾಧ್ಯ? ನಾಲ್ವರೂ ಬೇರೆ ಬೇರೆಯಾದರೆ 15. ಇಬ್ಬರು ಒಂದೇ ಕಸುಬು, ಉಳಿದಿಬ್ಬರು ಬೇರೆ ಬೇರೆಯಾದರೆ 60. ಎರಡು ಜೋಡಿಯಾದರೆ 15. ಮೂವರು ಒಂದೇ ಆಗಿ ಒಬ್ಬ ಬೇರೆಯಾದರೆ 30. ನಾಲ್ವರೂ ಒಂದೇ ಆದರೆ 6. ಒಟ್ಟು 126. ಯಾರು ಮುಂದೆ, ಯಾರು ಹಿಂದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ 6×6×6×6, ಅಂದರೆ 1296. ಕಾಂಬಿನೇಶನ್‌ಗೂ ಪರ್ಮ್ಯುಟೇಶನ್‌ಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನಾನು ಈಗ ಈ ಉದಾಹರಣೆಯನ್ನೇ ಕೊಡುತ್ತೇನೆ.

ನನ್ನ ಮೊದಲ ತಂಡ ಒಬ್ಬ ಯೋಧ, ಒಬ್ಬ ಕಳ್ಳ, ಇಬ್ಬರು ಕಪ್ಪು ಮಾಂತ್ರಿಕರು. ಹೊಡೆಯುವವರೇ ನಾಲ್ವರೂ, ವಾಸಿ ಮಾಡುವವರು ಒಬ್ಬರೂ ಇಲ್ಲ. ಜೌಗು ಗುಹೆ ಎಂಬ ಜಾಗದಲ್ಲಿ ವಿಷ ತಗುಲಿ, ತಂದ ಮದ್ದು ಮುಗಿದು, ಊರಿಗೆ ಹಿಂದಿರುಗುವ ದಾರಿಯಲ್ಲೇ ಎಲ್ಲರೂ ಬಿದ್ದರು. ಎರಡನೆಯ ಸಲ ಯೋಧ, ಮುಷ್ಟಿಯೋಧ, ಬಿಳಿ, ಕಪ್ಪು ಎಂದು ಆರಿಸಿದೆ.

400 ಚಿನ್ನದ ಬಜೆಟ್

ನಾಲ್ವರಿಗೂ ಸೇರಿ ಕೈಯಲ್ಲಿರುವ ಬಂಡವಾಳ 400 ಚಿನ್ನ. ಎಲ್ಲರಿಗೂ ಸಮನಾಗಿ ನೂರು ನೂರು ಹಂಚುವುದು ನ್ಯಾಯ ಅನ್ನಿಸುತ್ತದೆ, ಆದರೆ ಅದು ಲೆಕ್ಕವಲ್ಲ. ಯಾರಿಗೆ ಯಾವುದು ಎಷ್ಟು ಉಪಯೋಗ ಎಂದು ನೋಡಬೇಕು.

ಮಂತ್ರ ಕೊಳ್ಳುವಾಗ ಇನ್ನೂ ಎಚ್ಚರ ಬೇಕು. ಮಂತ್ರಗಳು ಎಂಟು ಹಂತ. ಒಂದೊಂದು ಹಂತದಲ್ಲಿ ನಾಲ್ಕು ಬಿಳಿ, ನಾಲ್ಕು ಕಪ್ಪು, ಒಟ್ಟು 64. ಆದರೆ ಒಬ್ಬ ಒಂದು ಹಂತದಲ್ಲಿ ಮೂರನ್ನು ಮಾತ್ರ ಕಲಿಯಬಹುದು, ಕಲಿತದ್ದನ್ನು ಮರೆಸಲಾಗದು. ಮೊದಲ ಹಂತದ ಕಪ್ಪು ಮಂತ್ರಗಳು ಬೆಂಕಿ, ನಿದ್ರೆ, ಸಿಡಿಲು, ಗುರಿ. ಮೂರನ್ನು ಹಿಡಿದರೆ ನಾಲ್ಕನೆಯದು ಕೈ ಬಿಟ್ಟಂತೆ. ನಾವು ಬಿಟ್ಟ ಆ ನಾಲ್ಕನೆಯದರ ಬೆಲೆಯನ್ನೇ ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎನ್ನುವುದು. ಪುಸ್ತಕದಲ್ಲಿ ಓದಿ ಉರು ಹೊಡೆದಿದ್ದೆ, ಅರ್ಥವಾದದ್ದು ಅಂಗಡಿಯ ಮುಂದೆ ನಿಂತಾಗ.

ನಿಲ್ಲುವ ಜಾಗದ ಲೆಕ್ಕ

ತಂಡ ಸಾಲಾಗಿ ನಿಲ್ಲುತ್ತದೆ. ಶತ್ರು ಬೀಸಿದ ಏಟು ಯಾರಿಗೆ ಬೀಳುತ್ತದೆ? ಮೊದಲನೆಯವನಿಗೆ ಬೀಳುವ ಸಂಭವ ಅರ್ಧ, ಎರಡನೆಯವನಿಗೆ ಕಾಲು, ಮೂರು ಮತ್ತು ನಾಲ್ಕನೆಯವರಿಗೆ ತಲಾ ಎಂಟನೇ ಒಂದು ಭಾಗ. ಅಂದರೆ ಎಂಟು ಏಟಿನಲ್ಲಿ ಸರಾಸರಿ 4, 2, 1, 1.

ಒಂದು ಲೆಕ್ಕ ಮಾಡೋಣ. ಕವಚವಿರುವ ಯೋಧನಿಗೆ ಒಂದು ಏಟಿಗೆ 3 ನಷ್ಟ, ಉಳಿದವರಿಗೆ 12 ನಷ್ಟ ಎಂದಿಟ್ಟುಕೊಳ್ಳಿ. ಯೋಧ ಮುಂದೆ ನಿಂತರೆ ಎಂಟು ಏಟಿಗೆ 4×3 + 4×12 = 60. ಅವನನ್ನೇ ಕೊನೆಗೆ ನಿಲ್ಲಿಸಿದರೆ 1×3 + 7×12 = 87. ಒಂದು ಕಾಸೂ ಖರ್ಚಿಲ್ಲದೆ, ನಿಲ್ಲುವ ಜಾಗ ಬದಲಿಸಿದ್ದಕ್ಕೇ 27 ಉಳಿತಾಯ.

ಇನ್ನೊಂದು ನಿಯಮ ಉಂಟು. ನಾಲ್ವರಿಗೂ ಮೊದಲೇ ಅಪ್ಪಣೆ ಕೊಟ್ಟುಬಿಡಬೇಕು. ನಾಲ್ವರಿಗೂ ಒಂದೇ ಶತ್ರುವನ್ನು ತೋರಿಸಿ, ಅವನು ಮೊದಲ ಏಟಿಗೇ ಬಿದ್ದರೆ ಉಳಿದ ಮೂವರು ಗಾಳಿಗೆ ಗುದ್ದುತ್ತಾರೆ. ಆದ್ದರಿಂದ ಯಾರ ಏಟು ಎಷ್ಟು, ಯಾವ ಶತ್ರು ಎಷ್ಟು ತಡೆಯಬಲ್ಲ ಎಂದು ಅಂದಾಜು ಮಾಡಿ ಕೆಲಸ ಹಂಚಬೇಕು. ಕಾಲೇಜಿನ ಕಾರ್ಯಕ್ರಮದ ದಿನ ಎಲ್ಲರೂ ಕುರ್ಚಿ ಹಾಕಲು ಓಡಿ, ಮೈಕಿನ ಹತ್ತಿರ ಒಬ್ಬರೂ ಇಲ್ಲದಿದ್ದರೆ ಆಗುವುದೂ ಇದೇ.

ಬರೆದದ್ದನ್ನೆಲ್ಲ ನಂಬಬೇಡಿ

ಮೂಲ ಆಟದಲ್ಲಿ ಕೆಲವು ತಪ್ಪುಗಳು ಉಳಿದುಬಿಟ್ಟಿದ್ದವು. ಯೋಧನ ಏಟನ್ನು ಹೆಚ್ಚಿಸಬೇಕಾಗಿದ್ದ ಒಂದು ಮಂತ್ರ ಏನೂ ಮಾಡುತ್ತಿರಲಿಲ್ಲ. ಮಾಂತ್ರಿಕನ ಬುದ್ಧಿ ಎಂಬ ಅಂಕ ಏರಿದರೂ ಅವನ ಮಂತ್ರದ ಬಲ ಏರುತ್ತಿರಲಿಲ್ಲ. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಅರ್ಥವಲ್ಲ ಎಂದು ನಮ್ಮ ಸರ್ ಹೇಳುವುದು ಇದನ್ನೇ. ನಂತರದ ಆವೃತ್ತಿಗಳಲ್ಲಿ ಇವನ್ನು ತಿದ್ದಿದ್ದಾರೆ. ಹೊಸ ಮಂತ್ರ ಕಲಿತರೆ ಸಣ್ಣ ಶತ್ರುವಿನ ಮೇಲೆ ಒಮ್ಮೆ ಪ್ರಯೋಗಿಸಿ ನೋಡಿ, ಆಮೇಲೆ ನಂಬಿ.

ಬಿದ್ದವನನ್ನು ಬಿಟ್ಟು ನಡೆದರೆ

ಈಗ ಮುಖ್ಯವಾದ ಪಾಠಕ್ಕೆ ಬರುತ್ತೇನೆ. ಗೆದ್ದ ಮೇಲೆ ಬರುವ ಅನುಭವದ ಅಂಕ ಬದುಕಿರುವವರಿಗೆ ಮಾತ್ರ ಹಂಚಿಕೆಯಾಗುತ್ತದೆ. 120 ಅಂಕ ಬಂದರೆ ನಾಲ್ವರಿಗೆ ತಲಾ 30. ಒಬ್ಬ ಬಿದ್ದಿದ್ದರೆ ಉಳಿದ ಮೂವರಿಗೆ ತಲಾ 40, ಅವನಿಗೆ ಸೊನ್ನೆ. ಬಿದ್ದವನನ್ನು ಎಬ್ಬಿಸಬೇಕಾದರೆ ಊರಿಗೆ ಹಿಂದಿರುಗಿ ಹಣ ಕಟ್ಟಬೇಕು. ಬಿಳಿ ಮಾಂತ್ರಿಕ ತಾನೇ ಎಬ್ಬಿಸುವ ಮಂತ್ರ ಸಿಗುವುದು ಐದನೆಯ ಹಂತದಲ್ಲಿ.

ನನ್ನ ಕಪ್ಪು ಮಾಂತ್ರಿಕ ಪದೇ ಪದೇ ಬೀಳುತ್ತಿದ್ದ. ಒಂದು ದಿನ ಬೇಜಾರಾಗಿ ಅವನನ್ನು ಹಾಗೆಯೇ ಬಿಟ್ಟು ಮುಂದೆ ಹೋದೆ. ಉಳಿದ ಮೂವರು ಬೇಗ ಬೇಗ ಏರಿದರು. ಖರ್ಚೂ ಉಳಿಯಿತು. ಖುಷಿಯಾಯಿತು.

ಅದೇ ತಿಂಗಳು ನಮ್ಮ ನಿಜವಾದ ತಂಡದಲ್ಲೂ ಹಾಗೆಯೇ ಆಗಿತ್ತು. ಕ್ಲಾಸ್ ಮುಗಿದ ಮೇಲೆ ನಾವು ನಾಲ್ವರು ಗೆಳೆಯರು ಒಟ್ಟಿಗೆ ಕೂತು ಅಕೌಂಟೆನ್ಸಿ ಲೆಕ್ಕ ಮಾಡುತ್ತಿದ್ದೆವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಅದೇ ವಿಷಯದಲ್ಲಿ ಫೇಲಾದ. ಆಮೇಲೆ ಬರುವುದನ್ನು ನಿಲ್ಲಿಸಿದ. ನಾವೂ ಕರೆಯಲಿಲ್ಲ. ನಿಜ ಹೇಳಬೇಕೆಂದರೆ, ಅವನು ಪದೇ ಪದೇ ಕೇಳುತ್ತಿದ್ದ ಪ್ರಶ್ನೆಗಳಿಲ್ಲದೆ ನಮಗೆ ಲೆಕ್ಕಗಳು ಬೇಗ ಮುಗಿಯುತ್ತಿದ್ದವು.

ಆಗ ನಡೆಯುತ್ತಿದ್ದ ಪಾಠ ಪಾಲುದಾರನ ನಿವೃತ್ತಿ ಮತ್ತು ಮರಣ. ನಾಲ್ವರು ಸಮ ಪಾಲುದಾರರಲ್ಲಿ ಒಬ್ಬ ಹೋದರೆ ಉಳಿದವರ ಪಾಲು ನಾಲ್ಕನೇ ಒಂದರಿಂದ ಮೂರನೇ ಒಂದಕ್ಕೆ ಏರುತ್ತದೆ. ಏರಿದ್ದು ತಲಾ ಹನ್ನೆರಡನೇ ಒಂದು. ಇದು ಗೇನಿಂಗ್ ರೇಶಿಯೊ. ಮೂವರ ಈ ಲಾಭವನ್ನು ಕೂಡಿದರೆ ಸರಿಯಾಗಿ ಕಾಲು ಭಾಗ, ಅಂದರೆ ಹೋದವನ ಪಾಲು. ಪುಸ್ತಕ ಅಲ್ಲಿಗೇ ನಿಲ್ಲುವುದಿಲ್ಲ. ಹೀಗೆ ಗಳಿಸಿದವರು ಹೋದವನಿಗೆ ಅವನ ಪಾಲಿನ ಗುಡ್‌ವಿಲ್ ಕಟ್ಟಿಕೊಡಬೇಕು ಎನ್ನುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಜರ್ನಲ್ ಎಂಟ್ರಿ ಬರೆಯುತ್ತಾ ಕೈ ನಿಲ್ಲಿಸಿದೆ. ಬೇಗ ಮುಗಿದ ಆ ಲೆಕ್ಕಗಳು ನನಗೆ ಬಿಟ್ಟಿ ಬಂದದ್ದಲ್ಲ, ಅವನ ಪಾಲಿನಿಂದ ಬಂದದ್ದು.

ಅಬ್ಬಾ ತೆಂಗಿನಕಾಯಿ ವ್ಯಾಪಾರಿ. ಕಾಯಿ ಕೀಳುವವರು, ಸುಲಿಯುವವರು, ಎಣಿಸುವವರು, ಲಾರಿಗೆ ತುಂಬುವವರು ಬೇರೆ ಬೇರೆ. ರಾತ್ರಿ ಊಟದ ಹೊತ್ತಿಗೆ ಅವರನ್ನು ಕೇಳಿದೆ, "ಸುಲಿಯುವವನು ಬರದಿದ್ದರೆ ಅವನ ಕೂಲಿ ಉಳಿದವರು ಹಂಚಿಕೊಳ್ಳಬಹುದಲ್ಲ?" ಅಬ್ಬಾ ನಕ್ಕರು. "ಬೇಟಾ, ಅವತ್ತು ಲಾರಿಯೇ ಹೊರಡಲ್ಲ. ಹಂಚೋದಕ್ಕೆ ಏನಿರುತ್ತೆ?"

ಆಟದಲ್ಲೂ ಅದೇ ಆಯಿತು. ಒಂದು ಗುಹೆಯಲ್ಲಿ ಶತ್ರುಗಳು ಗುಂಪುಗುಂಪಾಗಿ ಬಂದರು. ಯೋಧ ಒಂದು ಸಲಕ್ಕೆ ಒಬ್ಬನನ್ನೇ ಹೊಡೆಯಬಲ್ಲ. ಎಲ್ಲರನ್ನೂ ಒಟ್ಟಿಗೆ ಸುಡಬೇಕಾದವನನ್ನು ಊರಿಗೆ ಒಯ್ದು ಎಬ್ಬಿಸಿದರೆ, ಅವನು ಎಷ್ಟೋ ಹಂತ ಹಿಂದೆ ಉಳಿದಿದ್ದ. ಅವನು ಬಿದ್ದ ದಿನವೇ ಎಬ್ಬಿಸಿದ್ದರೆ ಖರ್ಚು ಸಣ್ಣದಿತ್ತು. ತಡ ಮಾಡಿದಷ್ಟೂ ಸಾಲ ಬೆಳೆದಿತ್ತು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಗೆಳೆಯ ಸಿಕ್ಕ. "ಯಾಕೋ ಬರ್ತಿಲ್ಲ?" ಎಂದೆ. "ನೀವು ಮುಂದೆ ಹೋಗಿಬಿಟ್ಟಿದ್ದೀರಲ್ಲ" ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಬಸ್ ಬರಲು ಇನ್ನೂ ಅರ್ಧ ಗಂಟೆ ಇತ್ತು. ಬ್ಯಾಗಿನಿಂದ ಪುಸ್ತಕ ತೆಗೆದು ಮೊದಲ ಅಧ್ಯಾಯದಿಂದ ಶುರು ಮಾಡಿದೆವು. ಈಗ ದಿನಾ ಆ ಅರ್ಧ ಗಂಟೆ ನಮ್ಮದು. ಉಳಿದಿಬ್ಬರೂ ಸರದಿಯಂತೆ ಬರುತ್ತಾರೆ. ಅವನು ಪಾಸಾಗುತ್ತಾನೋ ಇಲ್ಲವೋ ಪರೀಕ್ಷೆ ಹೇಳುತ್ತದೆ. ಆದರೆ ಅವನಿಗೆ ಹೇಳಿಕೊಡಲು ಹೋಗಿ, ನನಗೆ ಬರುತ್ತದೆ ಎಂದುಕೊಂಡಿದ್ದ ಎರಡು ಲೆಕ್ಕ ನನಗೂ ಬರುತ್ತಿರಲಿಲ್ಲ ಎಂದು ತಿಳಿಯಿತು.

ಅಭ್ಯಾಸಕ್ಕೆ

1. ಯೋಧ ಎರಡನೆಯ ಸ್ಥಾನದಲ್ಲಿ ನಿಂತರೆ ಎಂಟು ಏಟಿಗೆ ಒಟ್ಟು ನಷ್ಟ ಎಷ್ಟು? ಮೇಲಿನ ಅಂಕಿಗಳನ್ನೇ ಬಳಸಿ.

2. ಕೆಂಪು ಮಾಂತ್ರಿಕ ಇಲ್ಲದೆ, ಉಳಿದ ಐದು ಕಸುಬುಗಳಿಂದ ಎಷ್ಟು ತಂಡ ಕಟ್ಟಬಹುದು?

3. ನಿಮ್ಮ ತಂಡದಲ್ಲಿ ಈಗ ಬರದೆ ಉಳಿದವರು ಯಾರು? ಇದರ ಉತ್ತರವನ್ನು ಬರೆದು ಕಳಿಸಬೇಡಿ. ಅವರನ್ನೇ ಹೋಗಿ ಕಾಣಿ.

ಮೊದಲೆರಡರ ಉತ್ತರ 78 ಮತ್ತು 70. ಬರದಿದ್ದವರು ಬಸ್ ಸ್ಟ್ಯಾಂಡಿಗೆ ಬನ್ನಿ, ಸಂಜೆ ನಾಲ್ಕೂವರೆಗೆ ನಾವು ಅಲ್ಲೇ ಇರುತ್ತೇವೆ.