ಅಂಗಸಾಧನೆಯೂ ಮಿತವ್ಯಯವೂ

ಶರೀರಸಂಪತ್ತು ಹಣ ಕೊಟ್ಟು ಕೊಳ್ಳತಕ್ಕ ವಸ್ತುವಲ್ಲ. ಆದರೆ ಅದನ್ನು ಗಳಿಸುವ ಹೆಸರಿನಲ್ಲಿ ಹಣ ಪೋಲಾಗುವ ದಾರಿಗಳು ಹಲವು. ಔರಾದಿನ ಕಡೆಯಿಂದಲೋ ಭಾಲ್ಕಿಯ ಕಡೆಯಿಂದಲೋ ಒಕ್ಕಲುತನದ ಮನೆಯ ಹುಡುಗನೊಬ್ಬನು ಓದಿಗಾಗಿ ಬೀದರ ನಗರಕ್ಕೆ ಬಂದು ಬಾಡಿಗೆಯ ಕೋಣೆಯಲ್ಲಿ ನೆಲೆಸುತ್ತಾನೆ. ಪೊಲೀಸ್ ಭರ್ತಿಗೆ ಸಿದ್ಧನಾಗಬೇಕೆಂಬುದು ಅವನ ಹಂಬಲ. ಜಿಮ್ಮಿನ ವಾರ್ಷಿಕ ಶುಲ್ಕ, ಡಬ್ಬಿಯಲ್ಲಿ ಬರುವ ಪುಷ್ಟಿಯ ಪುಡಿ, ಬೆಲೆಬಾಳುವ ಉಡುಪು ಇವುಗಳಿಗೆ, ತಂದೆ ತೊಗರಿ ಮಾರಿ ಕಳುಹಿಸಿದ ಹಣವು ಮೊದಲ ತಿಂಗಳಲ್ಲಿಯೇ ಕರಗಿಹೋಗುತ್ತದೆ. ಆಮೇಲೆ ಕಡಿತ ಬೀಳುವುದು ಊಟದ ಖರ್ಚಿಗೆ. ಶರೀರಕ್ಕಾಗಿ ವೆಚ್ಚ ಮಾಡಿ ಶರೀರವನ್ನೇ ಅರೆಹೊಟ್ಟೆಯಲ್ಲಿರಿಸುವ ಈ ವಿಪರ್ಯಾಸವು ಅಪರೂಪದ್ದೇನೂ ಅಲ್ಲ. ಆದುದರಿಂದ ವ್ಯಾಯಾಮದಲ್ಲಿ ಅವಶ್ಯಕವಾದುದು ಯಾವುದು, ಆಡಂಬರವಾದುದು ಯಾವುದು ಎಂಬ ವಿವೇಚನೆ ವಿದ್ಯಾರ್ಥಿದೆಸೆಯಲ್ಲಿಯೇ ಮೂಡಬೇಕು.

ತಾಲೀಮಿನ ಪರಂಪರೆ

ಈ ವಿಷಯದಲ್ಲಿ ಬೀದರ ನಗರವು ಹೊರಗಿನ ಪಾಠಕ್ಕೆ ಕಾಯಬೇಕಾಗಿಲ್ಲ. ಚೌಬಾರದ ಸುತ್ತ ಹಬ್ಬಿದ ಹಳೆಯ ಪೇಟೆಯಲ್ಲಿ ಸಿದ್ದಿ ತಾಲೀಮು, ನೂರ್‌ಖಾನ್ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲ್ ತಾಲೀಮು ಎಂಬ ಹೆಸರಿನ ಓಣಿಗಳು ಇಂದಿಗೂ ಇವೆ. ಬೀದರಿನ ಇತಿಹಾಸ ಹಾಗೂ ಸ್ಮಾರಕಗಳನ್ನು ಕುರಿತು 1947ರಲ್ಲಿ ಗ್ರಂಥವನ್ನು ಪ್ರಕಟಿಸಿದ ಗುಲಾಮ್ ಯಾಜ್ದಾನಿಯವರು ಈ ತಾಲೀಮುಗಳನ್ನು ಉಲ್ಲೇಖಿಸಿದ್ದಾರೆ. ತಾಲೀಮು ಎಂಬ ಅರಬ್ಬೀ ಶಬ್ದಕ್ಕೆ ಶಿಕ್ಷಣವೆಂದರ್ಥ. ದಖ್ಖನದಲ್ಲಿ ಅದು ಗರಡಿಮನೆಗೆ ರೂಢಿಯಾಯಿತು. ಅಂಗಸಾಧನೆಯೂ ಒಂದು ವಿದ್ಯೆಯೆಂಬ ಭಾವನೆ ಆ ಹೆಸರಿನಲ್ಲಿಯೇ ಅಡಗಿದೆ.

ಗರಡಿಯ ಸಲಕರಣೆಗಳೆಂದರೆ ಹದಮಾಡಿದ ಮಣ್ಣು, ಮರದ ಗದೆ, ಗುಂಡುಕಲ್ಲು ಇಷ್ಟೆ. ದಂಡ ಹೊಡೆಯುವಾಗ ಎದೆ, ಭುಜ, ತೋಳುಗಳ ಮೇಲೆಯೂ ಬೈಠಕ್ ತೆಗೆಯುವಾಗ ತೊಡೆಗಳ ಮೇಲೆಯೂ ಬೀಳುವ ಭಾರವು ಸಾಧಕನ ದೇಹದ ಭಾರವೇ. ಒಂದು ಗದೆಯನ್ನು ಹತ್ತು ಮಂದಿ ಸರದಿಯಂತೆ ತಿರುಗಿಸುತ್ತಿದ್ದರು. ತಪ್ಪಿದ ಭಂಗಿಯನ್ನು ಉಸ್ತಾದನ ಕಣ್ಣು ತಿದ್ದುತ್ತಿತ್ತು. ಸಲಕರಣೆ ಹಂಚಿಕೊಳ್ಳುವುದು, ಗುರುವಿನಿಂದ ತಿದ್ದಿಸಿಕೊಳ್ಳುವುದು, ದಿನ ತಪ್ಪದಿರುವುದು ಈ ಮೂರರಲ್ಲಿಯೇ ತಾಲೀಮಿನ ಮಿತವ್ಯಯದ ಗುಟ್ಟಿತ್ತು.

ಇದೇ ತತ್ತ್ವವನ್ನು ಕಳೆದ ಶತಮಾನದ ಮಹನೀಯರೂ ಎತ್ತಿಹಿಡಿದರು. ಔಂಧ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ಮನೆಮನೆಯ ವ್ಯಾಯಾಮವಾಗಿ ಪ್ರಚಾರ ಮಾಡಿದರು. ಅದಕ್ಕೆ ಬೇಕಾದುದು ಒಬ್ಬ ಮನುಷ್ಯ ಮಲಗುವಷ್ಟು ಸ್ಥಳ ಮಾತ್ರ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ (1898–1980) ಅವರು ‘ಶಾಂತಲಾ’ ಕಾದಂಬರಿಯ ಕರ್ತೃಗಳೆಂದು ಕನ್ನಡಿಗರಿಗೆ ಪರಿಚಿತರು. ಅವರು ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದರು.

ಶುಲ್ಕದ ಲೆಕ್ಕ

ಜಿಮ್ಮಿಗೆ ಹೋಗುವುದು ತಪ್ಪೆಂದು ಇದರ ಅರ್ಥವಲ್ಲ. ಕ್ರಮಬದ್ಧವಾಗಿ ಕಲಿಸುವವರಿದ್ದರೆ ಅದೂ ಒಳ್ಳೆಯದೇ. ಆದರೆ ಅದರ ನಿಜವಾದ ಬೆಲೆಯನ್ನು ತಿಂಗಳ ಲೆಕ್ಕದಲ್ಲಲ್ಲ, ಹಾಜರಾತಿಯ ಲೆಕ್ಕದಲ್ಲಿ ಅಳೆಯಬೇಕು. ಮಾಸಿಕ ಶುಲ್ಕ 720 ರೂಪಾಯಿ ಎಂದಿಟ್ಟುಕೊಂಡರೆ, 24 ದಿನ ಹೋದವನಿಗೆ ದಿನಕ್ಕೆ 30 ರೂಪಾಯಿ ಬೀಳುತ್ತದೆ. 6 ದಿನ ಹೋದವನಿಗೆ 120 ರೂಪಾಯಿ. ವಾರ್ಷಿಕ ಶುಲ್ಕ 6000 ರೂಪಾಯಿಯಾದರೆ ತಿಂಗಳಿಗೆ 500 ಎಂದು ಕಂಡು ಅಗ್ಗವೆನಿಸುತ್ತದೆ. ಮೂರು ತಿಂಗಳಲ್ಲಿ ಉತ್ಸಾಹ ಇಳಿದರೆ ಅದೇ ಶುಲ್ಕ ತಿಂಗಳಿಗೆ 2000 ರೂಪಾಯಿಯಾಗಿ ಪರಿಣಮಿಸುತ್ತದೆ. ಆದ್ದರಿಂದ ಎರಡು ತಿಂಗಳು ಮನೆಯಲ್ಲಿಯೇ ದಿನ ತಪ್ಪದೆ ವ್ಯಾಯಾಮ ಮಾಡಿದವನು ಮಾತ್ರ ಶುಲ್ಕ ಕಟ್ಟುವ ಯೋಚನೆ ಮಾಡುವುದು ವಿವೇಕ; ಅದೂ ಮೊದಲು ಒಂದು ತಿಂಗಳಿಗೆ.

ಎಷ್ಟು ಸಾಕು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಇಲ್ಲವೆ 75ರಿಂದ 150 ನಿಮಿಷಗಳ ತೀವ್ರ ಶ್ರಮ ಬೇಕು. ಅದರೊಂದಿಗೆ ಎರಡು ದಿನವಾದರೂ ಸ್ನಾಯುಬಲವರ್ಧಕ ವ್ಯಾಯಾಮವಿರಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಚುರುಕಾದ ನಡಿಗೆಯೂ ಸೈಕಲ್ ಸವಾರಿಯೂ ಮಧ್ಯಮ ಶ್ರಮವೇ. ಹೊಲದಲ್ಲಿ ಅಗೆದು, ಹೊರೆ ಹೊತ್ತು ದುಡಿಯುವವನ ಶ್ರಮವೂ ಈ ಲೆಕ್ಕಕ್ಕೆ ಸಲ್ಲುತ್ತದೆ. ದಿನವಿಡೀ ಪುಸ್ತಕದ ಮುಂದೆ ಕುಳಿತವನೇ ಬೇರೆಯಾಗಿ ಸಮಯ ತೆಗೆದಿಡಬೇಕು.

ಒಮ್ಮೆಲೇ ಹೆಚ್ಚು ಮಾಡುವ ಛಲವು ಅಪಾಯಕರ. ಅಭ್ಯಾಸವಿಲ್ಲದವನು ಪಂಥ ಕಟ್ಟಿ ನೂರಾರು ಬೈಠಕ್ ತೆಗೆದರೆ ಸ್ನಾಯುಗಳು ಒಡೆದು ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಮೂತ್ರವು ಕಡುಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹತ್ತರಿಂದ ಆರಂಭಿಸಿ ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸುವುದು, ವಾರದಲ್ಲಿ ಒಂದು ದಿನ ವಿಶ್ರಾಂತಿ ಪಡೆಯುವುದು ಕ್ಷೇಮಕರ.

ಹೊಲವೇ ಓಟದ ಮೈದಾನ

ಕರ್ನಾಟಕದ ಪೊಲೀಸ್ ಕಾನ್ಸ್‌ಟೇಬಲ್ ಭರ್ತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳಲ್ಲಿಯೂ, ಮಹಿಳೆಯರು 400 ಮೀಟರನ್ನು 2 ನಿಮಿಷಗಳಲ್ಲಿಯೂ ಓಡುವ ಪರೀಕ್ಷೆಯನ್ನು ನಿಗದಿಪಡಿಸುತ್ತ ಬರಲಾಗಿದೆ. ಬೀದರ ನಗರದವರಿಗೆ ನೆಹರು ಕ್ರೀಡಾಂಗಣವುಂಟು. ಹಳ್ಳಿಯವನಿಗೆ ಮೈದಾನವೆಲ್ಲಿ? ಇಲ್ಲಿ ಗಣಿತವು ನೆರವಿಗೆ ಬರುತ್ತದೆ. ಪ್ರತಿ ಬದಿಯೂ 100 ಮೀಟರ್ ಇರುವ ಚೌಕದ ಹೊಲವೆಂದರೆ ಒಂದು ಹೆಕ್ಟೇರ್, ಅಂದರೆ ಸುಮಾರು 2 ಎಕರೆ 19 ಗುಂಟೆ. ಅದರ ಸುತ್ತಳತೆ ಸರಿಯಾಗಿ 400 ಮೀಟರ್. ನಾಲ್ಕು ಸುತ್ತು ಹಾಕಿದರೆ 1600 ಮೀಟರಾಯಿತು. ಪುರುಷ ಅಭ್ಯರ್ಥಿಯು ಪ್ರತಿ ಸುತ್ತನ್ನು 97 ಸೆಕೆಂಡುಗಳಲ್ಲಿ ಮುಗಿಸಿದರೆ ಗುರಿ ಮುಟ್ಟುತ್ತಾನೆ. ಉದ್ದವನ್ನು ಅಳೆಯಲು ಸೈಕಲ್ಲಿನ ಗಾಲಿ ಸಾಕು: ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆದು, ಅದು ಎಷ್ಟು ಸಲ ಉರುಳಿತೆಂದು ಎಣಿಸಬೇಕು.

ಆರಂಭದಲ್ಲಿ ಒಂದು ಸುತ್ತು ಓಡಿ, ಎರಡು ನಿಮಿಷ ನಡೆದು, ಹೀಗೆ ನಾಲ್ಕು ಸಲ ಮಾಡಬೇಕು. ದಿನ ಕಳೆದಂತೆ ನಡುವಿನ ನಡಿಗೆಯನ್ನು ಕಡಿಮೆ ಮಾಡುತ್ತ ಬಂದರೆ ಸುತ್ತುಗಳು ಒಂದರೊಡನೊಂದು ಕೂಡಿಕೊಳ್ಳುತ್ತವೆ. ನೆಲದ ಗುಣವನ್ನೂ ಅರಿಯಬೇಕು. ಬೀದರದ ಕೆಂಪು ಜಂಬಿಟ್ಟಿಗೆಯ ನೆಲ ಮಳೆ ನಿಂತ ಮೇಲೆ ಬೇಗ ಆರುತ್ತದೆ. ಔರಾದಿನ ಎರೆಭೂಮಿಯು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಕಾಲು ಉಳುಕಿಸುತ್ತದೆ. ಆ ದಿನಗಳಲ್ಲಿ ಬಂಡಿದಾರಿಯ ಗಟ್ಟಿನೆಲವನ್ನೋ, ಮನೆಯೊಳಗಿನ ದಂಡ, ಬೈಠಕ್, ಸೂರ್ಯನಮಸ್ಕಾರಗಳನ್ನೋ ಆಶ್ರಯಿಸಬೇಕು. ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ಓಟ ಮುಗಿಯಬೇಕು. ಹಣ ವೆಚ್ಚ ಮಾಡಲೇಬೇಕಾದರೆ ಕಾಲಿಗೆ ಸರಿಹೊಂದುವ ಒಂದು ಜೊತೆ ಬೂಟಿಗೆ ಮಾಡುವುದು ಸಾರ್ಥಕ.

ಮನೆಯ ಬುತ್ತಿಯ ಶಕ್ತಿ

ಪುಡಿಯ ಡಬ್ಬಿಯ ವಿಚಾರದಲ್ಲಿ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು, ಮೈಕಟ್ಟಿಗಾಗಿ ಪ್ರೋಟೀನ್ ಪುಡಿಗಳನ್ನು ಸೇವಿಸಬಾರದೆಂದೇ ಸಲಹೆಯಿತ್ತಿದೆ. 60 ಕಿಲೋ ತೂಕದವನಿಗೆ, ಕಿಲೋಗೆ ಒಂದು ಗ್ರಾಮಿನಂತೆ ಧಾರಾಳವಾಗಿ ಹಿಡಿದರೂ, ದಿನಕ್ಕೆ 60 ಗ್ರಾಂ ಪ್ರೋಟೀನ್ ಸಾಕು. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 30 ಗ್ರಾಂ, 75 ಗ್ರಾಂ ತೊಗರಿಬೇಳೆಯಲ್ಲಿ 16, ಒಂದು ಹಿಡಿ ಶೇಂಗಾದಲ್ಲಿ 7, ಕಾಲು ಲೀಟರು ಹಾಲಿನಲ್ಲಿ 8 ಗ್ರಾಂ ದೊರೆಯುತ್ತದೆ. ಒಟ್ಟು 61 ಗ್ರಾಂ. ತೊಗರಿ, ಹೆಸರು, ಉದ್ದು, ಕಡಲೆಗಳು ಬೀದರ ಜಿಲ್ಲೆಯ ಹೊಲಗಳಲ್ಲಿಯೇ ಬೆಳೆಯುತ್ತವೆ.

ಬೆಲೆಯನ್ನು ಹೋಲಿಸುವ ಕ್ರಮ ಹೀಗೆ: ಕಿಲೋಗೆ 95 ರೂಪಾಯಿಯ ಕಡಲೆಯಲ್ಲಿ ಸುಮಾರು 190 ಗ್ರಾಂ ಪ್ರೋಟೀನ್ ಇರುವುದರಿಂದ ಗ್ರಾಮಿಗೆ 50 ಪೈಸೆ. ಕಿಲೋಗೆ 2400 ರೂಪಾಯಿಯ ಪುಡಿಯಲ್ಲಿ 750 ಗ್ರಾಂ ಇದ್ದರೆ ಗ್ರಾಮಿಗೆ 3 ರೂಪಾಯಿ 20 ಪೈಸೆ. ಪೇಟೆಯ ಧಾರಣೆ ಏರಿಳಿಯಬಹುದು. ಲೆಕ್ಕದ ಕ್ರಮ ಬದಲಾಗದು.

ಹೆಣ್ಣುಮಕ್ಕಳ ಪಾಲು

ಮಿತವ್ಯಯದ ಹೆಸರಿನಲ್ಲಿ ಮನೆಯ ಹೆಣ್ಣುಮಕ್ಕಳ ಪಾಲಿನ ಹಾಲು, ಶೇಂಗಾ, ಸಮಯಗಳನ್ನು ಕಡಿಮೆ ಮಾಡುವುದು ಮಿತವ್ಯಯವಲ್ಲ, ಅನ್ಯಾಯ. ಮನೆಗೆಲಸ ಮಾಡುತ್ತಾಳೆಂದು ಅವಳಿಗೆ ಆಟ ಬೇಡವೆನ್ನುವುದೂ ಸಲ್ಲದು. ಓಡುವಾಗ ಬೇಗ ಏದುಸಿರು ಬಂದು ತಲೆಸುತ್ತಿದರೆ ಅದನ್ನು ಸೋಮಾರಿತನವೆಂದು ಗದರಿಸದೆ ರಕ್ತಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 10ರಿಂದ 19 ವರ್ಷದವರಿಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯನ್ನು ಉಚಿತವಾಗಿ ನೀಡುವ ರಾಷ್ಟ್ರೀಯ ಕಾರ್ಯಕ್ರಮವುಂಟು. ಕಾಸಿಲ್ಲದೆ ದೊರೆಯುವ ಆ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆದು, ಕಾಸು ಕೊಟ್ಟು ಟಾನಿಕ್ಕು ತರುವುದು ಎಂಥ ಲೆಕ್ಕ?

ಉಪಸಂಹಾರ

ಎರಡು ಪುಟಗಳ ಒಂದು ನೋಟುಬುಕ್ಕು ಈ ಸಾಧನೆಯ ಕೊನೆಯ ಸಲಕರಣೆ. ಒಂದು ಪುಟದಲ್ಲಿ ಆ ದಿನ ಮಾಡಿದ ವ್ಯಾಯಾಮವನ್ನೂ ಎದುರು ಪುಟದಲ್ಲಿ ಅದಕ್ಕಾಗಿ ಮಾಡಿದ ವೆಚ್ಚವನ್ನೂ ಬರೆದಿಡಬೇಕು. ತಿಂಗಳ ಕೊನೆಗೆ ಮೊದಲ ಪುಟ ತುಂಬಿ ಎರಡನೆಯದು ಬಹುಪಾಲು ಖಾಲಿ ಉಳಿದಿದ್ದರೆ ಸಾಧನೆ ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಬಹುದು. ಕಾಯಕವೆಂಬ ಶಬ್ದವು ಹುಟ್ಟಿದುದೇ ಕಾಯದಿಂದ. ಕಾಯವು ಗಟ್ಟಿಯಾಗಿದ್ದರೆ ಕಾಯಕ ನಡೆದೀತು. ತಂದೆಯ ಬೆವರಿನ ಹಣ ಉಳಿದರೆ ಮನೆಯೂ ನಿಂತೀತು. ಮಗನು ಹೊಲದ ಬದುವಿನ ಮೇಲೆ ಹಾಕುವ ನಾಲ್ಕು ಸುತ್ತುಗಳಿಂದ ಈ ಎರಡೂ ಸಾಧ್ಯ.