ಸೀಮಂತಕ್ಕೆ ಮೊದಲು ಎಕೋ

ಸುಮಾ,

ಏದುಸಿರು ಬರುತ್ತದೆಂದು ಡಾಕ್ಟರು ಹೃದಯದ ಎಕೋ ಬರೆದುಕೊಟ್ಟರೂ ಸೀಮಂತ ಮುಗಿಯಲಿ ಎನ್ನುತ್ತಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಾಗಿನಿಂದ ನನಗೆ ನಿದ್ದೆ ಹತ್ತಿಲ್ಲ. ತೀರ್ಮಾನ ನಿನ್ನದು, ಬಲವಂತ ಮಾಡುವುದಿಲ್ಲ. ಆದರೆ ನಿನ್ನ ಶಾರದಾ ಚಿಕ್ಕಮ್ಮನ ವಿಷಯ ತಿಳಿದುಕೊಂಡು ತೀರ್ಮಾನಿಸು. ನಿನ್ನಮ್ಮ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ.

ಚಿಕ್ಕಂದಿನಲ್ಲಿ ಶಾರದೆಗೆ ಗಂಟಲು ನೋವು ಬಂದು, ಅದರ ಬೆನ್ನಿಗೇ ಜ್ವರ ಹಿಡಿದು, ಮೊಣಕಾಲು ಊದಿಕೊಂಡಿತ್ತು. ವಾಯು ಎಂದು ಎಣ್ಣೆ ತಿಕ್ಕಿದರು, ಊತ ಇಳಿಯಿತು. ಅದು ರುಮ್ಯಾಟಿಕ್ ಜ್ವರ, ಹೃದಯದ ಕವಾಟವನ್ನು ಕೆಡಿಸಿ ಹೋಗಿದೆ ಎಂದು ಯಾರಿಗೂ ತಿಳಿಯಲಿಲ್ಲ. ಮದುವೆಯಾದ ಮೇಲೂ ನೀರು ಸೇದಿದಳು, ಗದ್ದೆಗಿಳಿದಳು. ಏಳು ತಿಂಗಳಿಗೆ ತವರಿಗೆ ಬಂದವಳು ರಾತ್ರಿಯೆಲ್ಲ ಗೋಡೆಗೊರಗಿ ಕೂತಿರುತ್ತಿದ್ದಳು. ಮಲಗಿದರೆ ಕೆಮ್ಮು, ಎದ್ದು ಕೂತರೆ ಉಸಿರು. "ಬಸುರಿಗೆ ಏದುಸಿರು ಬರದೆ ಇರುತ್ತದೆಯೇ" ಎಂದರು ಹಿರಿಯರು. ತೋರಿಸಿದ ಆಸ್ಪತ್ರೆಯಲ್ಲಿ ಎದೆಯ ಬಡಿತವನ್ನೂ ಕೇಳದೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು. ಹೆರಿಗೆಯೇನೋ ಆಯಿತು. ಮರುದಿನ ಅವಳು ಉಳಿಯಲಿಲ್ಲ.

ನರ್ಸಿಂಗ್ ಕಲಿತ ಮೇಲೆ ನನಗೆ ಕಾರಣ ತಿಳಿಯಿತು. ಬಸುರಿಯ ಮೈಯಲ್ಲಿ ರಕ್ತ ಶೇ. 40-50ರಷ್ಟು ಹೆಚ್ಚುತ್ತದೆ, 28-32 ವಾರಗಳ ಹೊತ್ತಿಗೆ ಹೃದಯದ ಮೇಲಿನ ಹೊರೆ ತೀರಾ ಏರಿರುತ್ತದೆ. ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದ್ದರೆ ಅಷ್ಟು ರಕ್ತ ಹಾಯಲಾರದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೆರಿಗೆಯಾದ ಕೂಡಲೇ ಗರ್ಭಕೋಶದ ರಕ್ತವೂ ಹೃದಯಕ್ಕೆ ಮರಳುವುದರಿಂದ ಅಪಾಯ ಇನ್ನಷ್ಟು ಹೆಚ್ಚು. ಮೊದಲೇ ಗೊತ್ತಾದರೆ ಔಷಧಿಯಿದೆ. ಬೇಕಾದರೆ ಬಸುರಿದ್ದಾಗಲೇ ಬಲೂನಿನಿಂದ ಕವಾಟ ಅಗಲಿಸುತ್ತಾರೆ. ಹೃದ್ರೋಗ ತಜ್ಞರಿರುವ ಕಡೆ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಬಹುದು.

ನಿನಗೂ ಎಂಟನೇ ಕ್ಲಾಸಿನಲ್ಲಿ ಕೀಲೂತದ ಜ್ವರ ಬಂದಿತ್ತಲ್ಲ, ಡಾಕ್ಟರಿಗೆ ಹೇಳಿದ್ದೀಯಾ? ಎಕೋ ಅಂದರೆ ಎಕ್ಸ್‌ರೇ ಅಲ್ಲ, ಮಗುವಿನ ಸ್ಕ್ಯಾನಿಂಗಿನಂತೆ ಶಬ್ದತರಂಗದ ಪರೀಕ್ಷೆ, ಮಗುವಿಗೆ ತೊಂದರೆಯಿಲ್ಲ. ಸೀಮಂತದ ಸೀರೆಗಾಗಿ ಅಂಗಡಿ ಅಂಗಡಿ ಅಲೆಯಲು ಪುರುಸೊತ್ತಿದೆ, ಇದಕ್ಕೆ ಒಂದು ಬೆಳಿಗ್ಗೆ ಸಿಗುವುದಿಲ್ಲವೇ? ಇಷ್ಟು ಓದಿದವಳು ಹೀಗೆ ಮಾಡಿದರೆ ಯಾರಿಗೆ ಬುದ್ಧಿ ಹೇಳಲಿ?

ಬೈದೆನೆಂದು ಮುನಿಯಬೇಡ, ಕಂದ. ಎಷ್ಟೋ ಬಸುರಿಯರಿಗೆ ಏದುಸಿರು ಸಹಜವೇ. ನಿನ್ನದೂ ಅಷ್ಟೇ ಇರಬಹುದು. ಅದನ್ನು ಊಹಿಸುತ್ತಾ ಕೂರುವುದು ಬೇಡ ಎಂದಷ್ಟೇ ನನ್ನ ಮಾತು. ಹಳೆಯ ಜ್ವರದ ವಿಷಯವನ್ನು ತಾಯಿ ಕಾರ್ಡಿನಲ್ಲಿ ಬರೆಸು. ಮಲಗಿದರೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆಸುತ್ತಿ ಬಿದ್ದರೆ ಹೊತ್ತು ನೋಡದೆ ಆಸ್ಪತ್ರೆಗೆ ಹೋಗು. ಎಕೋ ಮಾತ್ರ ಈ ವಾರವೇ ಆಗಲಿ. ಜೊತೆಗೆ ಯಾರೂ ಇಲ್ಲದಿದ್ದರೆ ಹೇಳು, ನಾನೇ ಬರುತ್ತೇನೆ.

ನಿನ್ನ ದೊಡ್ಡಮ್ಮ