ಆಕ್ರಮಣಕಾರಿ ಬ್ರಯೋಜೋವಗಳು: ಪ್ರಸಾರ ಮತ್ತು ಪರಿಸರ ಪರಿಣಾಮ

1. ಬಯೋಫೌಲಿಂಗ್: ಹಡಗಿನ ತಳ, ಬಂದರಿನ ಕಂಬ, ಕೊಳವೆ ಮುಂತಾದ ಮುಳುಗಿದ ಮೇಲ್ಮೈಗಳಿಗೆ ಜೀವಿಗಳು ಅಂಟಿಕೊಂಡು ಬೆಳೆಯುವ ಪ್ರಕ್ರಿಯೆ ಇದಾಗಿದೆ.

2. ಬ್ರಯೋಜೋವ: ಇದು ಅಕಶೇರುಕಗಳ ಒಂದು ವಂಶವಾಗಿದ್ದು, ಇದರ ಜೀವಿಗಳು ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ಚಿಕ್ಕದಾದ ಝೂಯಿಡ್‌ಗಳೆಂಬ ಘಟಕಗಳ ಸಮೂಹವಾಗಿ ಬದುಕುತ್ತವೆ ಮತ್ತು ಲೋಫೋಫೋರ್ ಎಂಬ ಗ್ರಹಣಾಂಗಗಳ ಕಿರೀಟದಿಂದ ಆಹಾರವನ್ನು ಸೋಸಿ ತಿನ್ನುತ್ತವೆ.

3. ಪ್ರಸಾರ:
- ಮೆಂಬ್ರನಿಪೋರಾ ಮೆಂಬ್ರನೇಸಿಯಾ ಎಂಬ ಬ್ರಯೋಜೋವದ ಸೈಫೋನಾಟಿಸ್ ಲಾರ್ವಾ ಆಹಾರ ಸೇವಿಸುತ್ತಾ ವಾರಗಟ್ಟಲೆ ತೇಲಬಲ್ಲದಾದ್ದರಿಂದ ಹಡಗಿನ ನಿಲುಭಾರದ ನೀರಿನಲ್ಲಿ (ಸಮತೋಲನಕ್ಕಾಗಿ ಹಡಗು ತುಂಬಿಕೊಳ್ಳುವ ನೀರು) ಸಾಗಬಲ್ಲದು.
- ಬುಗುಲಾ ನೆರಿಟಿನಾ ಎಂಬ ಮತ್ತೊಂದು ಬ್ರಯೋಜೋವದ ಲಾರ್ವಾ ಆಹಾರ ಸೇವಿಸದೆ ಕೆಲವೇ ಗಂಟೆಗಳಲ್ಲಿ ನೆಲೆಯೂರುವುದರಿಂದ, ಅದು ಮುಖ್ಯವಾಗಿ ಹಡಗಿನ ತಳಕ್ಕೆ ಅಂಟಿದ ಸಮೂಹವಾಗಿಯೇ ದೂರ ತಲುಪುತ್ತದೆ.

4. ಪ್ರಮುಖ ನಿದರ್ಶನ: 1987ರಲ್ಲಿ ಅಮೆರಿಕದ ಮೇನ್ ಕೊಲ್ಲಿಯಲ್ಲಿ ಕಂಡುಬಂದ ಮೆಂಬ್ರನಿಪೋರಾ, ಕೆಲ್ಪ್ ಎಂಬ ಬೃಹತ್ ಕಂದು ಪಾಚಿಯ ಎಲೆಗಳ ಮೇಲೆ ಬಿಳಿಯ ಜಾಲರಿಯಂತೆ ಹರಡಿ, ಅವು ಪೆಡಸಾಗಿ ಅಲೆಗಳ ಹೊಡೆತಕ್ಕೆ ಮುರಿಯುವಂತೆ ಮಾಡುತ್ತದೆ, ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೀಗೆ ತೆರವಾದ ಜಾಗವನ್ನು ಕೋಡಿಯಮ್ ಎಂಬ ಮತ್ತೊಂದು ಆಕ್ರಮಣಕಾರಿ ಪಾಚಿ ಆವರಿಸಿತು.

5. ತಾಮ್ರ ಸಹಿಷ್ಣುತೆ: ವಾಟರ್ಸಿಪೋರಾ ಎಂಬ ಬ್ರಯೋಜೋವ ತಾಮ್ರಯುಕ್ತ ರಕ್ಷಕ ಬಣ್ಣದ ಮೇಲೂ ಬೆಳೆದು, ಆ ವಿಷವನ್ನು ತಾಳಲಾರದ ಇತರ ಜೀವಿಗಳಿಗೆ ತನ್ನ ಮೇಲೆಯೇ ನೆಲೆ ಒದಗಿಸುತ್ತದೆ.

6. ಒಪ್ಪಂದ: ಇಂತಹ ಪ್ರಸಾರವನ್ನು ತಡೆಯುವ ನಿಲುಭಾರದ ನೀರಿನ ನಿರ್ವಹಣಾ ಒಪ್ಪಂದವನ್ನು 2004ರಲ್ಲಿ ಅಂಗೀಕರಿಸಲಾಯಿತು, ಅದು ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 8ರಂದು.

ಗೊಂದಲ ಬೇಡ:
- ಹವಳಗಳು ನಿಡೇರಿಯಾ ವಂಶಕ್ಕೆ ಸೇರಿದ್ದು, ಅವುಗಳಿಗೆ ಪ್ರತ್ಯೇಕ ಗುದದ್ವಾರವಿಲ್ಲ; ಬ್ರಯೋಜೋವಗಳಿಗೆ ಬಾಯಿ ಮತ್ತು ಗುದದ್ವಾರ ಎರಡೂ ಇವೆ.
- ಗುದದ್ವಾರವು ಬ್ರಯೋಜೋವಗಳಲ್ಲಿ ಗ್ರಹಣಾಂಗಗಳ ವಲಯದ ಹೊರಗೂ, ಅವನ್ನು ಹೋಲುವ ಎಂಟೋಪ್ರಾಕ್ಟಗಳೆಂಬ ಬೇರೆ ಜೀವಿಗಳಲ್ಲಿ ಒಳಗೂ ಇರುತ್ತದೆ.